ಮಕ್ಕಳ ಮೊದಲ ಕಂಪ್ಯೂಟರ್: ಹೊಸ ಅಗ್ಗದ್ದಕ್ಕಿಂತ ಹಳೆಯ ಗಟ್ಟಿಯದ್ದೇ ವಾಸಿ

ಅಕ್ಕನ ಮಗನಿಗೆ 13 ತುಂಬಿದಾಗ ಲ್ಯಾಪ್‌ಟಾಪ್ ಆರಿಸುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಅಂತ ಎಲ್ಲರ ನಂಬಿಕೆ. ಕೈಯಲ್ಲಿದ್ದ ದುಡ್ಡು ಕಡಿಮೆ, ಆದರೂ ಹೊಸದೇ ಇರಲಿ ಅನ್ನುವ ಆಸೆ. ಸರಿ ಎಂದು ಇದ್ದುದರಲ್ಲೇ ಅಗ್ಗದ ಹೊಸ ಲ್ಯಾಪ್‌ಟಾಪ್ ಒಂದನ್ನು ಕೊಡಿಸಿದೆ. ತೆಳ್ಳಗೆ, ಬೆಳ್ಳಗೆ, ನೋಡಲು ಚೆನ್ನಾಗಿಯೇ ಇತ್ತು. ಒಳಗೆ ಮಾತ್ರ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಅಂದರೆ ಕೆಲಸ ನಡೆಯುವಾಗ ಬಳಸುವ ಮೆಮೊರಿ, ಫೈಲು ಇಡುವ ಜಾಗ ಎರಡೂ ಕಮ್ಮಿ. ಆರು ತಿಂಗಳಾಗುವಷ್ಟರಲ್ಲಿ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಒಂದು ಬಂತು, ಜಾಗ ಸಾಲದು ಎಂದು ಅಲ್ಲೇ ನಿಂತಿತು. ಹುಡುಗ ಫೋಟೋ ಅಳಿಸಿದ, ಗೇಮ್ ಅಳಿಸಿದ, ಕೊನೆಗೆ ಶಾಲೆಯ ಪ್ರಾಜೆಕ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿ ಅಳಿಸಿದ. ಊಹೂಂ. ಬಿಚ್ಚಿ ದೊಡ್ಡ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಹಾಕೋಣ ಅಂದರೆ ಸ್ಟೋರೇಜ್, ರ‍್ಯಾಮ್ ಎರಡೂ ಬೋರ್ಡಿಗೇ ಬೆಸುಗೆ. ಪೆಟ್ಟಿಗೆಯ ಮೇಲೆ ಎಲ್ಲವೂ ಬರೆದಿತ್ತು, ಓದದೇ ಇದ್ದದ್ದು ನಾನೇ.

ಎರಡನೇ ಸಲ ಬುದ್ಧಿ ಬಂತು. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಇಷ್ಟೇ: ಅಂಗಡಿಗೆ ಹೋಗುವ ಮುಂಚೆ ಮಕ್ಕಳನ್ನೇ ಕೂರಿಸಿಕೊಂಡು ಮಾತಾಡಿ. ಇದರಲ್ಲಿ ಏನೇನು ಮಾಡ್ತೀಯಾ ಅಂತ ಕೇಳಿ. 'ಓದೋಕೆ' ಅನ್ನುವ ಉತ್ತರ ಬರುತ್ತದೆ, ಅದು ಪೂರ್ತಿ ಉತ್ತರವಲ್ಲ ಅಂತ ನಿಮಗೂ ಗೊತ್ತು. ಗೇಮ್ ಆಡುವ ಆಸೆ ಇದ್ದರೆ ಅದನ್ನೂ ಬಾಯಿ ಬಿಡಿಸಿ, ಯಾವ ಗೇಮ್ ಎಂದು ಹೆಸರು ಬರೆಸಿಕೊಳ್ಳಿ, ಅದಕ್ಕೆ ಕನಿಷ್ಠ ಎಂಥ ಕಂಪ್ಯೂಟರ್ ಬೇಕು ಅಂತ ಅದನ್ನು ಮಾಡಿದವರೇ ಹಾಕಿರುತ್ತಾರೆ, ನೋಡಿ. ಬರೆಯುವುದು, ಬ್ರೌಸರ್, ವಿಡಿಯೊ ಪಾಠ, ಸ್ಕ್ರ್ಯಾಚ್ ಅಥವಾ ಪೈಥಾನ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯುವುದು, ಇವಕ್ಕೆಲ್ಲ ಸಾಧಾರಣ ಕಂಪ್ಯೂಟರ್ ಧಾರಾಳವಾಗಿ ಸಾಕು. ಮೈನ್‌ಕ್ರಾಫ್ಟ್‌ನಂಥದ್ದನ್ನೂ ಸೆಟ್ಟಿಂಗ್ ಸ್ವಲ್ಪ ಇಳಿಸಿಕೊಂಡು ಆಡಬಹುದು. ವಿಡಿಯೊ ಎಡಿಟಿಂಗ್, ತ್ರೀಡಿ, ದೊಡ್ಡ ದೊಡ್ಡ ಗೇಮ್ ಅಂದರೆ ಮಾತ್ರ ಲೆಕ್ಕವೇ ಬೇರೆ.

ಹೊತ್ತುಕೊಂಡು ಓಡಾಡುವ ಅಗತ್ಯ ನಿಜವಾಗಿಯೂ ಇದೆಯಾ ಅಂತಲೂ ಯೋಚಿಸಿ. ಇಲ್ಲದಿದ್ದರೆ ಡೆಸ್ಕ್‌ಟಾಪ್ ತಗೊಳ್ಳಿ. ಅದೇ ದುಡ್ಡಿಗೆ ಜಾಸ್ತಿ ಶಕ್ತಿ ಸಿಗುತ್ತದೆ, ಸ್ಕ್ರೀನ್ ದೊಡ್ಡದು, ಕತ್ತು ಬಗ್ಗಿಸಿ ಕೂರುವುದು ತಪ್ಪುತ್ತದೆ, ಕೆಟ್ಟರೆ ಕೆಟ್ಟ ಭಾಗ ಮಾತ್ರ ಬದಲಾಯಿಸಿದರೆ ಆಯಿತು. ಆಫೀಸುಗಳಿಂದ ಹೊರಬರುವ ಪುಸ್ತಕದ ಗಾತ್ರದ ಮಿನಿ ಪಿಸಿಗಳಂತೂ ಮೇಜಿನ ಮೂಲೆಯಲ್ಲಿ ಎಲ್ಲಿವೆ ಅಂತ ಗೊತ್ತೇ ಆಗುವುದಿಲ್ಲ.

ಈಗ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವ ವಿಷಯ. ಮೊದಲು ರ‍್ಯಾಮ್. 8 ಜಿಬಿಗಿಂತ ಕಡಿಮೆ ಇದ್ದರೆ ಮುಟ್ಟಲೇಬೇಡಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ನಿಜ, ಆದರೆ ಅದು ಶುರುವಾಗುವುದಕ್ಕೆ ಸಾಕು, ಕೆಲಸ ಮಾಡುವುದಕ್ಕಲ್ಲ. ಹದಿಹರೆಯದವರು ಬ್ರೌಸರ್‌ನಲ್ಲಿ ಎಷ್ಟು ಟ್ಯಾಬ್ ತೆರೆದಿಟ್ಟಿರುತ್ತಾರೆ ಅಂತ ಒಮ್ಮೆ ಹಿಂದೆ ನಿಂತು ಎಣಿಸಿ ನೋಡಿ. 16 ಸಿಕ್ಕರೆ ಒಳ್ಳೆಯದು. ಈಗ 8 ಇದ್ದು ಮುಂದೆ ಇನ್ನೊಂದು 8 ಸೇರಿಸುವ ಹಾಗಿದ್ದರೆ ಅದೂ ಒಳ್ಳೆಯದೇ.

ಸೇರಿಸಬಹುದೋ ಇಲ್ಲವೋ ಅಂತ ನೋಡಲು ಸುಲಭದ ದಾರಿ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್' ಎದುರು 2ರಲ್ಲಿ 1 ಎಂದು, 'ಫಾರ್ಮ್ ಫ್ಯಾಕ್ಟರ್' ಎದುರು ಎಸ್‌ಒಡಿಐಎಂಎಂ (SODIMM, ಬಿಚ್ಚಿ ಬದಲಾಯಿಸಬಹುದಾದ ಪಟ್ಟಿ) ಎಂದು ಇದ್ದರೆ ಸಾಮಾನ್ಯವಾಗಿ ಒಂದು ಸ್ಲಾಟ್ ಖಾಲಿ ಇದೆ ಅಂತ. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆಯದ್ದು. ಆಗಲೂ ಕೊಳ್ಳುವ ಮೊದಲು ಆ ಮಾಡೆಲ್‌ನ ಹೆಸರು ಹಾಕಿ ಒಮ್ಮೆ ಹುಡುಕಿಬಿಡಿ.

ಆಮೇಲೆ ಎಸ್‌ಎಸ್‌ಡಿ. ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ ಓಡಿಸುವುದು ಶಿಕ್ಷೆ, 1 ಟಿಬಿ ಅಂತ ದೊಡ್ಡದಾಗಿ ಬರೆದಿದ್ದರೂ ಮರುಳಾಗಬೇಡಿ. 256 ಜಿಬಿ ಎಸ್‌ಎಸ್‌ಡಿ ಇದ್ದರೆ ಸಾಕು. ಇಎಂಎಂಸಿ (ಬೋರ್ಡಿಗೇ ಬೆಸೆದ ನಿಧಾನದ, ಅಗ್ಗದ ಸ್ಟೋರೇಜ್) ಅನ್ನುವ ಪದ ಕಂಡರೆ ಅಲ್ಲಿಂದ ಎದ್ದು ಬನ್ನಿ, ನಮ್ಮ ಬೆಳ್ಳನೆಯ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಅದೇ.

ಸ್ಕ್ರೀನ್ ಬಗ್ಗೆ ಯಾರೂ ಕೇಳುವುದೇ ಇಲ್ಲ. 1366×768ರ ಸ್ಕ್ರೀನ್‌ನಲ್ಲಿ ಒಂದು ಕಡೆ ಪಾಠ, ಇನ್ನೊಂದು ಕಡೆ ನೋಟ್ಸ್ ಇಟ್ಟುಕೊಳ್ಳಲು ಆಗುವುದಿಲ್ಲ. 1920×1080 ಇರಲಿ, ಸಾಧ್ಯವಾದರೆ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಲಿ. ಸ್ವಲ್ಪ ಪಕ್ಕದಿಂದ, ಸ್ವಲ್ಪ ಮೇಲಿಂದ ನೋಡಿ. ಬಣ್ಣ ಮಂಕಾಗಿ ಮುಖಗಳೆಲ್ಲ ಬೂದಿ ಬಳಿದ ಹಾಗೆ ಕಂಡರೆ ಬೇಡ.

ಪ್ರೊಸೆಸರ್ ವಿಷಯದಲ್ಲಿ ಸ್ಟಿಕ್ಕರ್ ನೋಡಿ ಮೋಸ ಹೋಗುವವರೇ ಜಾಸ್ತಿ. ಇಂಟೆಲ್‌ನ ಐ7 ಅಂದ ತಕ್ಷಣ ಐ5ಗಿಂತ ಮೇಲು ಅಂದುಕೊಳ್ಳುತ್ತಾರೆ. 2016ರಲ್ಲಿ ಬಂದ ಐ7-7500ಯುನಲ್ಲಿ ಇರುವುದು 2 ಕೋರ್ (ಲೆಕ್ಕ ಮಾಡುವ ಘಟಕ), ಮರುವರ್ಷ ಬಂದ ಐ5-8250ಯುನಲ್ಲಿ 4. ಹೆಸರಿನ ಮುಂದಿನ ಆ ನಾಲ್ಕು ಅಂಕಿಯಲ್ಲಿ ಮೊದಲನೆಯದು ತಲೆಮಾರು, ಗಮನ ಅಲ್ಲಿರಲಿ. 1135ಜಿ7 ಥರ 1ರಿಂದ ಶುರುವಾದರೆ ಮಾತ್ರ ಮೊದಲ ಎರಡು ಅಂಕಿ ಸೇರಿಸಿ 11 ಅಂತ ಓದಬೇಕು, 12, 13ನೇ ತಲೆಮಾರಿನವೂ ಹಾಗೇ. ಕೊನೆಯಲ್ಲಿ ಯು ಇದ್ದರೆ ಬ್ಯಾಟರಿ ಉಳಿಸುವ ಬಗೆಯದು, ಎಚ್ ಇದ್ದರೆ ಜೋರಿನದು, ಬಿಸಿಯೂ ಜಾಸ್ತಿ.

ಹಳೆಯದನ್ನು ಕೊಳ್ಳುವಾಗ ಈ ತಲೆಮಾರಿನ ಲೆಕ್ಕ ಇನ್ನೂ ಮುಖ್ಯ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನದು, ಎಎಂಡಿ ಡೆಸ್ಕ್‌ಟಾಪ್‌ನಲ್ಲಿ ಹೆಚ್ಚುಕಮ್ಮಿ ರೈಜನ್ 2000, ಲ್ಯಾಪ್‌ಟಾಪ್‌ನಲ್ಲಿ 3000 ಸಾಲಿನಿಂದ ಈಚಿನದು ಇರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೂಡ ಬೇಕು. ಅದಕ್ಕಿಂತ ಹಳೆಯದು ಪುಕ್ಕಟೆ ಸಿಕ್ಕರೆ ಎಸೆಯಬೇಡಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಚೆನ್ನಾಗಿಯೇ ಓಡುತ್ತದೆ. ಆದರೆ ದುಡ್ಡು ಕೊಟ್ಟು ತರಬೇಡಿ.

ನನ್ನ ಆಯ್ಕೆ ಯಾವಾಗಲೂ ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಹೊರಹಾಕುವ ಲ್ಯಾಪ್‌ಟಾಪ್‌ಗಳೇ. ಲೆನೊವೊದ ಥಿಂಕ್‌ಪ್ಯಾಡ್ ಟಿ, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್, ಈ ಸಾಲಿನವು. ನೋಡಲು ಕಪ್ಪಗೆ, ದಪ್ಪಗೆ, ಅಜ್ಜನ ಕಾಲದ ಪೆಟ್ಟಿಗೆ ಥರ ಇರುತ್ತವೆ, ಮಕ್ಕಳು ಮೊದಲು ಮೂಗು ಮುರಿಯುತ್ತಾರೆ. ಇರಲಿ. ಕೀಬೋರ್ಡ್ ಚೆನ್ನಾಗಿರುತ್ತದೆ, ಹಿಂಜ್ ಗಟ್ಟಿ, ಬಿಡಿಭಾಗ ಸಿಗುತ್ತವೆ, ಬಿಚ್ಚುವ ವಿಧಾನದ ಪುಸ್ತಕವನ್ನು ಕಂಪನಿಯವರೇ ಇಂಟರ್‌ನೆಟ್‌ನಲ್ಲಿ ಇಟ್ಟಿರುತ್ತಾರೆ.

ಕೊಳ್ಳುವ ಮುಂಚೆ ಒಂದು ಕಾಲು ಗಂಟೆ ಕೂತು ಪರೀಕ್ಷೆ ಮಾಡಿ, ನಾಚಿಕೆ ಬೇಡ. ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತುತ್ತಾ ಹೋಗಿ. ಸ್ಕ್ರೀನ್ ಪೂರ್ತಿ ಬಿಳಿ ಮಾಡಿ ಕಲೆ ಇದೆಯಾ ನೋಡಿ, ಪೂರ್ತಿ ಕಪ್ಪು ಮಾಡಿ ಅಂಚಿನಲ್ಲಿ ಬೆಳಕು ಸೋರುತ್ತಿದೆಯಾ ನೋಡಿ. ಮುಚ್ಚಳವನ್ನು ನಾಲ್ಕೈದು ಸಲ ತೆರೆದು ಮುಚ್ಚಿ, ಅಷ್ಟರಲ್ಲಿ ಸ್ಕ್ರೀನ್ ಮಿನುಗಿದರೆ ಕೇಬಲ್ ಸವೆದಿದೆ ಅಂತ. ಚಾರ್ಜರ್ ಪಿನ್ ಮೆಲ್ಲಗೆ ಅಲ್ಲಾಡಿಸಿ. ವೈಫೈ, ಕ್ಯಾಮೆರಾ, ಮೈಕ್, ಎಲ್ಲ ಯುಎಸ್‌ಬಿ. ಒಂದು ವಿಡಿಯೊ ಹಾಕಿ ಹತ್ತು ನಿಮಿಷ ಬಿಟ್ಟು ಫ್ಯಾನ್ ಸದ್ದು ಕೇಳಿ.

ಬ್ಯಾಟರಿಗೆ ಬಾಯಿಮಾತು ನಂಬಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಒಂದು ಓರೆಗೆರೆ, ಅದಕ್ಕೆ ಅಂಟಿಕೊಂಡೇ ಬ್ಯಾಟರಿರಿಪೋರ್ಟ್, ಹೀಗೆ ಇಂಗ್ಲಿಷಿನಲ್ಲಿ (powercfg /batteryreport) ಟೈಪ್ ಮಾಡಿದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ 'ಡಿಸೈನ್ ಕೆಪ್ಯಾಸಿಟಿ' 50,000 ಇದ್ದು 'ಫುಲ್ ಚಾರ್ಜ್ ಕೆಪ್ಯಾಸಿಟಿ' 30,000 ಇದ್ದರೆ ಬ್ಯಾಟರಿಯ ಜೀವ ನೂರಕ್ಕೆ ಅರುವತ್ತು ಮಾತ್ರ ಉಳಿದಿದೆ. ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಡಿ ಅಂತ ಕೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಬೀಗದ ವಿಷಯ ಮಾತ್ರ ಮರೆಯಬೇಡಿ. ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ ನೋಡಿ, ಪಾಸ್‌ವರ್ಡ್ ಕೇಳಿದರೆ ಬೇಡ. ನಿಮ್ಮ ಎದುರಿಗೇ ವಿಂಡೋಸ್ ರೀಸೆಟ್ ಮಾಡಿಸಿ, ಇಂಟರ್‌ನೆಟ್ ಕೊಟ್ಟಾಗ ಯಾವುದೋ ಕಂಪನಿಯ ಲಾಗಿನ್ ಕೇಳುತ್ತಿದೆ ಅಂದರೆ ಅದು ಇನ್ನೂ ಆ ಕಂಪನಿಯ ಲೆಕ್ಕದಲ್ಲೇ ಇದೆ. ಹಳೆಯ ಮ್ಯಾಕ್‌ನಲ್ಲೂ ಹಾಗೇ, ಹಿಂದಿನವರ ಆಪಲ್ ಐಡಿ ತೆಗೆಸದೆ ದುಡ್ಡು ಕೊಡಬೇಡಿ. ರಸೀದಿ, ವಾರಂಟಿ, ಎಷ್ಟು ದಿನದೊಳಗೆ ವಾಪಸ್ ಕೊಡಬಹುದು ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ.

ಹೊಸದೇ ಬೇಕು, ದುಡ್ಡು ತೀರಾ ಕಡಿಮೆ ಅಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್ ನೋಡಬಹುದು. ಎಲ್ಲ ಕೆಲಸ ಬ್ರೌಸರ್‌ನಲ್ಲೇ ಆಗುವ ಮಕ್ಕಳಿಗೆ ಸರಿ. ಅದಕ್ಕೊಂದು ಅಪ್‌ಡೇಟ್ ನಿಲ್ಲುವ ತಾರೀಕು ಇರುತ್ತದೆ, ಪೆಟ್ಟಿಗೆ ಹೊಸದಾದರೂ ಮಾಡೆಲ್ ಹಳೆಯದಿರಬಹುದು, ತಾರೀಕು ನೋಡಿಯೇ ಕೊಳ್ಳಿ. ಕೀಬೋರ್ಡ್ ಒಳಗೇ ಪೂರ್ತಿ ಕಂಪ್ಯೂಟರ್ ಇರುವ ರಾಸ್ಪ್‌ಬೆರಿ ಪೈ 400 ಮತ್ತು 500 ಇವೆ. ತಂತಿ, ಎಲ್‌ಇಡಿ, ಕೋಡ್ ಅಂತ ಹುಚ್ಚು ಹಿಡಿಸಿಕೊಂಡವರಿಗೆ ಅದು ಹಬ್ಬ, ಉಳಿದವರಿಗೆ ತಲೆನೋವು. ಟ್ಯಾಬ್ಲೆಟ್ಟನ್ನು ನಾನು ಕಂಪ್ಯೂಟರ್ ಲೆಕ್ಕಕ್ಕೆ ಸೇರಿಸುವುದಿಲ್ಲ.

ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ. ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್ ಉಚಿತ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇರುವಾಗ ಬೇರೆ ಆಂಟಿವೈರಸ್ ಬೇಕಾಗಿಲ್ಲ. ಆ ದುಡ್ಡಲ್ಲಿ ಒಂದು ಮೌಸ್, ಬ್ಯಾಕಪ್‌ಗೆ ಒಂದು ಹೊರಗಿನ ಡ್ರೈವ್ ತನ್ನಿ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿ, ಸುಮ್ನೆ ಸಿಕ್ಕಿದ್ದೆಲ್ಲ ಇನ್‌ಸ್ಟಾಲ್ ಆಗುವುದು ತಪ್ಪುತ್ತದೆ.

ಅಕ್ಕನ ಮಗನಿಗೆ ಕೊನೆಗೆ ತಂದದ್ದು ಹಳೆಯ ಥಿಂಕ್‌ಪ್ಯಾಡ್, 8 ಜಿಬಿಯದ್ದು. ಎರಡನೇ ರ‍್ಯಾಮ್ ಪಟ್ಟಿಯನ್ನು ಅವನ ಕೈಯಲ್ಲೇ ಹಾಕಿಸಿದೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪಟ್ಟಿಯನ್ನು ಓರೆಯಾಗಿ ತೂರಿಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನುವವರೆಗೆ ಒತ್ತು ಅಂದೆ. ಮುರಿದುಹೋಗುತ್ತೆ ಮಾಮ ಅಂದ. ಒತ್ತೋ ಅಂದೆ. ಟಕ್ ಅಂತು. ಆನ್ ಮಾಡಿದ ಕೂಡಲೇ 16 ಎಂದು ಬಂದಿದೆಯಾ ಅಂತ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದವನು ಅವನೇ.