ಐಡಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುತ್ತಿದೆಯಾ, ಅಥವಾ ಆಗಬೇಕಾದಾಗ ಆಗುತ್ತಿಲ್ಲವಾ? ಹೀಗೆ ಹುಡುಕಿ

ಎಕ್ಸ್‌ಕವೇಟರ್ ಅಥವಾ ಲೋಡರ್ ನಿಂತಲ್ಲೇ ಆಫ್ ಆಯಿತು ಅಂದ ಕೂಡಲೇ ಡೀಸೆಲ್ ಪಂಪ್ ಬಿಚ್ಚಲು ಹೋಗಬೇಡಿ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಐಡಲ್ ಶಟ್‌ಡೌನ್ ಇರುತ್ತದೆ. ಕೆಲಸವಿಲ್ಲದೆ ಎಂಜಿನ್ ಓಡುತ್ತಿದ್ದರೆ, ಸೆಟ್ ಮಾಡಿದಷ್ಟು ನಿಮಿಷ ಕಾದು ಕಂಪ್ಯೂಟರೇ ಅದನ್ನು ನಿಲ್ಲಿಸುತ್ತದೆ. ಡೀಸೆಲ್ ಉಳಿಯುತ್ತದೆ, ಅವರ್ ಮೀಟರ್ ಸುಮ್ನೆ ಏರುವುದಿಲ್ಲ.

ಇದನ್ನು ಆಟೋ ಐಡಲ್ ಜೊತೆ ಕಲಸಿಕೊಳ್ಳಬೇಡಿ. ಲಿವರ್ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಆರ್‌ಪಿಎಂ ಇಳಿಯುತ್ತದಲ್ಲ, ಅದು ಆಟೋ ಐಡಲ್. ಅದಕ್ಕೆ ಬೇರೆ ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡಿ 'ಆದ್ರೂ ಎಂಜಿನ್ ನಿಲ್ತಿದೆ' ಅನ್ನುವವರು ತುಂಬಾ ಜನ.

ಮೊದಲು ಕೇಳಬೇಕಾದ್ದು, ಎಂಜಿನ್ ಹೇಗೆ ನಿಂತಿತು ಅಂತ. ಸೀಟಿನಲ್ಲಿ ಕೂತಿದ್ದ ಆಪರೇಟರ್ ಹತ್ತಿರ ಸಮಾಧಾನವಾಗಿ ಕೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಐಡಲ್ ಶಟ್‌ಡೌನ್ ಸಾಮಾನ್ಯವಾಗಿ ಹೇಳಿಯೇ ನಿಲ್ಲಿಸುತ್ತದೆ: ಡಿಸ್‌ಪ್ಲೇಯಲ್ಲಿ ಮೆಸೇಜ್ ಬರುತ್ತದೆ, ದೀಪ ಮಿನುಗುತ್ತದೆ, ಇಲ್ಲವೇ ಬಜರ್ ಕೂಗುತ್ತದೆ, ಆಮೇಲೆ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಎಂಜಿನ್ ಸಲೀಸಾಗಿ ನಿಲ್ಲುತ್ತದೆ. ಹಾಗಲ್ಲದೆ ಕೆಮ್ಮಿ, ಆರ್‌ಪಿಎಂ ಮೇಲೆ ಕೆಳಗೆ ಆಡಿ ನಿಂತರೆ ಡೀಸೆಲ್ ಕಡೆ ನೋಡಿ. ಫಿಲ್ಟರ್ ಕಟ್ಟಿರಬಹುದು, ವಾಟರ್ ಸೆಪರೇಟರ್‌ನಲ್ಲಿ ನೀರು ತುಂಬಿರಬಹುದು, ಪೈಪ್ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಚಕ್ಕನೆ ನಿಂತು ಡಿಸ್‌ಪ್ಲೇ ಕೂಡ ಆರಿಹೋದರೆ ಬ್ಯಾಟರಿ ಟರ್ಮಿನಲ್, ಅರ್ಥ್ ಕೇಬಲ್, ಮೇನ್ ರಿಲೇ ನೋಡಿ. ಬಕೆಟ್ ಮಣ್ಣಿನಲ್ಲಿರುವಾಗ, ಲೋಡ್ ಇರುವಾಗ ನಿಂತರೆ ಅದು ಐಡಲ್ ಶಟ್‌ಡೌನ್ ಅಲ್ಲವೇ ಅಲ್ಲ.

ಕೋಡ್ ಓದುವ ಸೌಲಭ್ಯ ಇದ್ದರೆ ಊಹೆಯೇ ಬೇಡ. ಜೆ1939 (ಗಾಡಿಯ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಸಾಮಾನ್ಯ ಭಾಷೆ) ಬಳಸುವ ಗಾಡಿಗಳಲ್ಲಿ ಎಸ್‌ಪಿಎನ್ (ಯಾವ ವಿಷಯದ ಕೋಡ್ ಅಂತ ಹೇಳುವ ನಂಬರ್) 593 ಅಂದರೆ ಐಡಲ್ ಶಟ್‌ಡೌನ್ ಎಂಜಿನ್ ನಿಲ್ಲಿಸಿದೆ ಅಂತ, 594 ಅಂದರೆ ನಿಲ್ಲಿಸುವ ಮುಂಚಿನ ಎಚ್ಚರಿಕೆ. ಅದರ ಬದಲು 100 (ಆಯಿಲ್ ಪ್ರೆಶರ್), 110 (ಕೂಲೆಂಟ್ ಬಿಸಿ), 111 (ಕೂಲೆಂಟ್ ಮಟ್ಟ) ಕಂಡರೆ ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಂತಿರಬಹುದು. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಮೊದಲು ಆಯಿಲ್ ಡಿಪ್‌ಸ್ಟಿಕ್ ನೋಡಿ, ಕೂಲೆಂಟ್ ಮಟ್ಟ ನೋಡಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಬಿಸಿ ಇರುವಾಗ ಕೈ ಹಾಕಬೇಡಿ. ಕೆಲವು ಕಂಪನಿಗಳು ತಮ್ಮದೇ ನಂಬರ್ ತೋರಿಸುತ್ತವೆ, ಅದಕ್ಕೆ ಗಾಡಿಯ ಮ್ಯಾನುವಲ್ ಬೇಕು.

ಐಡಲ್ ಶಟ್‌ಡೌನೇ ಅಂತ ಗೊತ್ತಾಯಿತು, ಆದರೆ ಬೇಗ ಆಫ್ ಆಗುತ್ತಿದೆ ಅಂದರೆ ಸೆಟ್ಟಿಂಗ್ಸ್‌ನಲ್ಲಿ ನಿಮಿಷ ಜಾಸ್ತಿ ಮಾಡಿ. ಮೆನು ಕಾಣದಿದ್ದರೆ ಪಾಸ್‌ವರ್ಡ್ ಹಾಕಿರುತ್ತಾರೆ, ಇಲ್ಲವೇ ಡೀಲರ್ ಲ್ಯಾಪ್‌ಟಾಪಿನಿಂದಲೇ ಬದಲಿಸಬೇಕು. ಮಾಲೀಕರು ಬೇಕೆಂದೇ ಲಾಕ್ ಮಾಡಿಸಿದ್ದರೆ ಮೊದಲು ಅವರ ಜೊತೆ ಮಾತಾಡಿ. ಇಷ್ಟೇ.

ನಿಜವಾದ ತಲೆನೋವು ಆಫ್ ಆಗಬೇಕಾದಾಗ ಆಗದೆ ಇರುವುದು. ಕಂಪ್ಯೂಟರ್ ಟೈಮರ್ ಶುರು ಮಾಡುವ ಮುಂಚೆ ಹಲವು ವಿಷಯ ಒಟ್ಟಿಗೆ ನೋಡುತ್ತದೆ: ಹೈಡ್ರಾಲಿಕ್ ಲಾಕ್ ಲಿವರ್ (ಬೂಮ್, ಬಕೆಟ್ ಅಲುಗಾಡದಂತೆ ತಡೆಯುವ, ಸೀಟಿನ ಪಕ್ಕದ ಲಿವರ್) ಲಾಕ್ ಆಗಿದೆಯಾ, ಪಾರ್ಕಿಂಗ್ ಬ್ರೇಕ್ ಹಾಕಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಎಂಜಿನ್ ಸಾಕಷ್ಟು ಬಿಸಿಯಾಗಿದೆಯಾ, ಬ್ಯಾಟರಿ ಸರಿ ಇದೆಯಾ, ಡಿಪಿಎಫ್ ರೀಜನರೇಷನ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆ ಮಸಿಯನ್ನು ಸುಟ್ಟುಕೊಳ್ಳುವುದು) ನಡೆಯುತ್ತಿಲ್ಲ ತಾನೇ ಹೀಗೆ. ಪಟ್ಟಿ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಆದರೆ ಒಂದು ಷರತ್ತು ತಪ್ಪಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಆದ್ದರಿಂದ ಹುಡುಕಬೇಕಾದ್ದು ಎಂಜಿನ್‌ನಲ್ಲಿ ಅಲ್ಲ, ಈ ಪಟ್ಟಿಯಲ್ಲಿ.

ಎಕ್ಸ್‌ಕವೇಟರ್ ಆದರೆ ನಾನು ಲಾಕ್ ಲಿವರ್ ಸ್ವಿಚ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ದಿನವಿಡೀ ಮೇಲೆ ಕೆಳಗೆ ಆಗುವ ಭಾಗ, ಪಕ್ಕದಲ್ಲೇ ಧೂಳು, ಕೆಸರು. ಬಕೆಟ್ ನೆಲಕ್ಕಿಟ್ಟು, ಕೀ ತೆಗೆದು, ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಸ್ವಿಚ್‌ನ ಕಂಟಿನ್ಯುಯಿಟಿ (ಕರೆಂಟ್ ಹೋಗುವ ದಾರಿ ಕೂಡಿದೆಯಾ ಅಂತ) ನೋಡಿ. ಲಿವರ್ ಆಡಿಸಿದಾಗ ಮೀಟರ್ ಬದಲಾಗಬೇಕು. ಬದಲಾಗದಿದ್ದರೆ ಸ್ವಿಚ್ ಹೋಗಿದೆ ಅಥವಾ ಲಿವರ್ ಅದನ್ನು ಸರಿಯಾಗಿ ಒತ್ತುತ್ತಿಲ್ಲ. ಪಿನ್ ಹಸಿರು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಮೀಟರ್ ಹಿಡಿದುಕೊಂಡೇ ವೈರನ್ನು ಅಲ್ಲಾಡಿಸಿ ನೋಡಿ, ಒಳಗೆ ತುಂಡಾದ ವೈರ್ ಹಾಗೆಯೇ ಸಿಕ್ಕಿಬೀಳುತ್ತದೆ. ಲೋಡರ್‌ನಲ್ಲಿ ಇದೇ ಪರೀಕ್ಷೆಯನ್ನು ಪಾರ್ಕಿಂಗ್ ಬ್ರೇಕ್ ಸ್ವಿಚ್ ಮೇಲೆ ಮಾಡಿ.

ಎಲೆಕ್ಟ್ರಿಕ್ ಜಾಯ್‌ಸ್ಟಿಕ್ ಇರುವ ಗಾಡಿಯಲ್ಲಿ ಲಿವರ್ ಬಿಟ್ಟರೂ ಸಿಗ್ನಲ್ ಪೂರ್ತಿ ಸೊನ್ನೆಗೆ ಬರದಿದ್ದರೆ ಆಪರೇಟರ್ ಇನ್ನೂ ಕೆಲಸ ಮಾಡುತ್ತಿದ್ದಾರೆ ಅಂತಲೇ ಕಂಪ್ಯೂಟರ್ ನಂಬುತ್ತದೆ, ಟೈಮರ್ ಮತ್ತೆ ಮೊದಲಿನಿಂದ. ಕೂಲೆಂಟ್ ಸೆನ್ಸರ್ ಕೆಟ್ಟು ಯಾವಾಗಲೂ ತಣ್ಣಗೆ ತೋರಿಸಿದರೂ ಇದೇ ಕಥೆ. ಒಂದು ತಾಸು ಓಡಿಸಿದ ಮೇಲೂ ಗೇಜ್ ಮೇಲೇಳದಿದ್ದರೆ ಸೆನ್ಸರ್, ಥರ್ಮೋಸ್ಟಾಟ್ ಎರಡೂ ನೋಡಿ. 24 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ಸುಮಾರು 27.5ರಿಂದ 28.5 ವೋಲ್ಟ್ ಬರಬೇಕು. ತುಂಬಾ ಕಡಿಮೆ ಇದ್ದರೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲಾರದು ಅಂತ ಕೆಲವು ಗಾಡಿಗಳು ನಿಲ್ಲಿಸುವುದೇ ಇಲ್ಲ. ಅದು ಅವುಗಳ ಜಾಣತನ, ಅಲ್ವಾ?

ಹೊಸ ಸ್ವಿಚ್ ಸಿಗಲಿಲ್ಲ ಅಂತ ಲಾಕ್ ಲಿವರ್ ಅಥವಾ ಸೀಟ್ ಸ್ವಿಚ್‌ಗೆ ಜಂಪರ್ (ಸ್ವಿಚ್ ದಾಟಿಸಿ ನೇರ ಕೂಡಿಸುವ ವೈರ್) ಹಾಕಿ ಬಿಡಬೇಡಿ. ಯಾರದೋ ಮೊಣಕೈ ತಗುಲಿ ಬೂಮ್ ತಿರುಗಿದರೆ ಪಕ್ಕದಲ್ಲಿ ನಿಂತವರ ಜೀವ ಹೋಗುತ್ತದೆ.

ಟರ್ಬೋ ಬಗ್ಗೆಯೂ ಕೆಲವರಿಗೆ ಭಯ ಇದೆ. ಭಾರಿ ಕೆಲಸ ಮುಗಿಸಿದ ತಕ್ಷಣ ಬಿಸಿ ಎಂಜಿನ್ ಆಫ್ ಮಾಡಿದರೆ ಟರ್ಬೋ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುವುದು ನಿಜ. ಆದರೆ ಟೈಮರ್ 5 ನಿಮಿಷ ಇದ್ದರೆ ಅಷ್ಟು ಹೊತ್ತು ಎಂಜಿನ್ ಐಡಲ್‌ನಲ್ಲೇ ತಣ್ಣಗಾಗಿರುತ್ತದೆ. ಟೈಮರ್ ತೀರಾ ಕಡಿಮೆ ಇಟ್ಟಾಗ ಮಾತ್ರ ಯೋಚಿಸಿ.

ತಾನಾಗಿ ಆಫ್ ಆದ ಮೇಲೆ ಕೀ ಆನ್‌ನಲ್ಲೇ ಉಳಿದಿರುತ್ತದೆ, ಆಪರೇಟರ್ ಇಳಿದು ಹೋಗಿರುತ್ತಾರೆ, ಸಂಜೆಗೆ ಬ್ಯಾಟರಿ ಖಾಲಿ. ಕೆಲವು ಗಾಡಿಗಳು ಕರೆಂಟನ್ನೂ ತಾವೇ ಕಡಿಯುತ್ತವೆ, ಎಲ್ಲವೂ ಅಲ್ಲ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೇ ಸ್ಟಾರ್ಟ್ ಆಗುವ ಗಾಡಿಗಳೂ ಇವೆ, ಅದನ್ನೇ ಕೆಟ್ಟಿದೆ ಅಂದುಕೊಳ್ಳಬೇಡಿ. ಡಿಇಎಫ್ (ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ದ್ರವ) ಇರುವ ಗಾಡಿಯಲ್ಲಿ ಕೀ ಆಫ್ ಮಾಡಿದ ಕೂಡಲೇ ಬ್ಯಾಟರಿಯ ಮೇನ್ ಸ್ವಿಚ್ ಎಳೆಯಬೇಡಿ. ಪೈಪಿನಲ್ಲಿರುವ ಡಿಇಎಫ್ ಟ್ಯಾಂಕಿಗೆ ವಾಪಸ್ ಹೋಗಬೇಕು. ಮೇನ್ ಸ್ವಿಚ್ ಹತ್ತಿರದ ದೀಪ ಆರುವವರೆಗೆ ಕಾಯಿರಿ.

ರಿಪೇರಿ ಆದ ಮೇಲೆ ಟೈಮರ್ ಅನ್ನು ಅತಿ ಕಡಿಮೆಗೆ ಇಳಿಸಿ, ಎಂಜಿನ್ ಬಿಸಿ ಮಾಡಿ, ಲಾಕ್ ಹಾಕಿ, ಎಸಿ ಆಫ್ ಮಾಡಿ, ಗಡಿಯಾರ ನೋಡುತ್ತಾ ಕೂತುಕೊಳ್ಳಿ. ಎಚ್ಚರಿಕೆ ಬಂದಾಗ ಒಮ್ಮೆ ಲಾಕ್ ತೆಗೆದು ಟೈಮರ್ ರೀಸೆಟ್ ಆಗುತ್ತದಾ ನೋಡಿ. ಆಮೇಲೆ ಹಳೆಯ ನಿಮಿಷಕ್ಕೆ ವಾಪಸ್ ಇಡಿ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅದೇ ದೂರು ಮತ್ತೆ ಬರುತ್ತದೆ.