ಹಳೆಯ ಬಿಬಿಸಿ ಮೈಕ್ರೋಗೆ ಮತ್ತೆ ಕರೆಂಟ್ ಕೊಡುವ ಮುನ್ನ

ನಮ್ಮ ದೇಶದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದದ್ದು, ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು 1984ರಲ್ಲಿ ಆರಂಭವಾದ 'ಕ್ಲಾಸ್' ಎಂಬ ಸರಕಾರಿ ಯೋಜನೆಯ ಮೂಲಕ. 32 ಕಿಲೋಬೈಟ್ ಮೆಮೊರಿಯ ಅಂಥದ್ದೊಂದು ಯಂತ್ರ, ಬಹುಕಾಲ ಕಪಾಟಿನಲ್ಲಿದ್ದು, ಕಾಸರಗೋಡಿನ ಬದಿಯಡ್ಕ ಸಮೀಪದ ನಮ್ಮ ಮನೆಗೆ ಬಂದಿತು. "ಮಾಷ್ಟ್ರೇ, ಒಮ್ಮೆ ಸ್ವಿಚ್ ಹಾಕಿ ನೋಡುವ" ಎಂದು ನೆರೆಯವರು ಆಸೆಪಟ್ಟರೂ ನಾನು ಒಪ್ಪಲಿಲ್ಲ. ಏಕೆಂದರೆ ಇಂತಹ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಪವರ್ ಸಪ್ಲೈ.

ಅದರೊಳಗೆ, 230 ವೋಲ್ಟಿನ ಲೈನಿಗೆ ಅಡ್ಡವಾಗಿ, ಹಳದಿ ಛಾಯೆಯ ಪಾರದರ್ಶಕ ಕವಚದ, ರಿಫಾ ಕಂಪನಿಯ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಇರುತ್ತವೆ. ಟಾರ್ಚ್ ಹಿಡಿದು ನೋಡಿದಾಗ ಕವಚದ ಮೇಲೆ ಕೂದಲೆಳೆಯಂತಹ ಬಿರುಕುಗಳು ಸ್ಪಷ್ಟವಾಗಿ ಕಂಡವು. ಆ ಬಿರುಕಿನಿಂದ ಒಳಗಿನ ಕಾಗದ ತೇವ ಹೀರಿಕೊಂಡಿರುತ್ತದೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಅದು ಉಬ್ಬಿ, ಸಿಡಿದು, ಕೋಣೆ ತುಂಬ ದಟ್ಟ ಹೊಗೆ ಬಿಡುತ್ತದೆ. ಆದುದರಿಂದ ಅವುಗಳನ್ನು ತೆಗೆದು ಅಷ್ಟೇ ಮೌಲ್ಯದ, ಎಕ್ಸ್2 ದರ್ಜೆಯ (ಲೈನಿಗೆ ಅಡ್ಡವಾಗಿ ಹಾಕಲೆಂದೇ ಮಾಡಿದ) ಹೊಸ ಕೆಪಾಸಿಟರ್‌ಗಳನ್ನು ಬೆಸೆದೆ. ಇಲ್ಲಿ ಸಾಮಾನ್ಯ ಕೆಪಾಸಿಟರ್ ಹಾಕುವುದು ಅಪಾಯಕಾರಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಉಳಿದಿರಬಹುದು. ಮೀಟರಿನಲ್ಲಿ ಅದು ಇಳಿದುದನ್ನು ನೋಡದೆ ಒಳಗೆ ಬೆರಳಿಡಬಾರದು.

ವೈರಿನ ಬಣ್ಣವನ್ನೂ ಗಮನಿಸಬೇಕು. ಈ ಯಂತ್ರದ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ನಮ್ಮ ಹಳೆಯ ಮನೆಗಳಲ್ಲಾದರೆ ಕೆಂಪು, ಕಪ್ಪು, ಹಸಿರು. ಪವರ್ ಸಪ್ಲೈಯ ಪೆಟ್ಟಿಗೆ ಲೋಹದ್ದಾದ ಕಾರಣ ಅರ್ತ್ ಸರಿಯಿರಲೇಬೇಕು. ಮುರಕಲ್ಲಿನ ಗುಡ್ಡದ ಮೇಲಿರುವ ನಮ್ಮಂಥವರ ಮನೆಗಳಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿಹೋಗುತ್ತದೆ. ಹಾಗಾಗಿ ಗುಂಡಿಗೆ ನೀರು ಹೊಯ್ದು, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದುವರಿದೆ.

ಮದರ್‌ಬೋರ್ಡಿಗೆ ಹೋಗುವ ಏಳು ವೈರುಗಳನ್ನು ಬಿಡಿಸಿಟ್ಟು, 5 ವೋಲ್ಟಿನ ಕೆಂಪು ವೈರು ಮತ್ತು ಕಪ್ಪು ವೈರಿನ ನಡುವೆ ವಾಹನದ 12 ವೋಲ್ಟ್ ಬಲ್ಬನ್ನು ಲೋಡ್ ಆಗಿ ಜೋಡಿಸಿ, ಸೀರೀಸ್ ಬೋರ್ಡಿನ (ಲೈನಿನ ಕರೆಂಟ್ ಒಂದು ಬಲ್ಬನ್ನು ಹಾದು ಬರುವಂತೆ ಮಾಡಿದ ಬೋರ್ಡ್) ಮೂಲಕ ಮೊದಲ ಬಾರಿ ಕರೆಂಟ್ ಕೊಟ್ಟೆ. ಶಾರ್ಟ್ ಇಲ್ಲವೆಂದು ತಿಳಿದ ನಂತರ ನೇರ ಲೈನಿಗೆ ಹಾಕಿ ಅಳೆದಾಗ ಕೆಂಪಿನಲ್ಲಿ 5, ನೇರಳೆ ವೈರಿನಲ್ಲಿ ಮೈನಸ್ 5 ವೋಲ್ಟ್ ಬಂತು. ಅನಂತರವೇ ಬೋರ್ಡಿಗೆ ವೈರು ಸಿಕ್ಕಿಸಿದೆ. ಇವು ಅದಲುಬದಲಾದರೆ ಚಿಪ್‌ಗಳು ಉಳಿಯುವುದಿಲ್ಲ. ಟಿವಿಗೆ ಕಾಂಪೊಸಿಟ್ ಕೇಬಲ್ ಸಾಕು, ಚಿತ್ರ ಮಾತ್ರ ಕಪ್ಪು-ಬಿಳುಪು.

ಇಲ್ಲಿನ ಮಳೆಗಾಲದಲ್ಲಿ ಚಿಪ್‌ಗಳು ಕೂರುವ ಸಾಕೆಟ್‌ಗಳಿಗೆ ಕಿಲುಬು ಹಿಡಿಯುತ್ತದೆ. ಚಿಪ್‌ಗಳನ್ನು ತುಸು ಎಬ್ಬಿಸಿ, ಕಾಂಟಾಕ್ಟ್ ಕ್ಲೀನರ್ ಹಾಕಿ, ಪುನಃ ಒತ್ತಿ ಕೂರಿಸಿದರೆ ಎಷ್ಟೋ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಆಟಿ ತಿಂಗಳಿನಲ್ಲಿ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬದಲ್ಲಿಡುತ್ತೇನೆ. ತುಲಾ ಮಾಸದ ಮಧ್ಯಾಹ್ನಗಳಲ್ಲಿ ಗುಡುಗು ಕೇಳುವುದಕ್ಕೂ ಮೊದಲೇ, ಪ್ಲಗ್ಗಿನ ಜತೆಗೆ ಟಿವಿಗೆ ಹೋಗುವ ಕೇಬಲನ್ನೂ ಕಿತ್ತಿಡುತ್ತೇನೆ. ಡಿಶ್ಶಿನ ವೈರಿನಲ್ಲಿ ಬಂದ ಸಿಡಿಲು ಟಿವಿಯನ್ನು ದಾಟಿ ಕಂಪ್ಯೂಟರನ್ನೂ ಸುಡಬಲ್ಲದು.