ಎಡಿಎಸ್ 1115ರಲ್ಲಿ 12 ವೋಲ್ಟ್ ಬ್ಯಾಟರಿ ಅಳೆಯುವಾಗ: ಪಿನ್ ಎಷ್ಟು ತಾಳುತ್ತದೆ?

ವೋಲ್ಟೇಜನ್ನು ಅಳೆದು ಸಂಖ್ಯೆಯಾಗಿ ಕೊಡುವ ಎಡಿಎಸ್ 1115 ಚಿಪ್ ಬಳಸುವವರು ಮೊದಲು ಎಡವುವುದು ±6.144 ವೋಲ್ಟ್ ಎಂಬ ರೇಂಜ್‌ನಲ್ಲಿ (ಅಳತೆಯ ವ್ಯಾಪ್ತಿ). ಪಿನ್‌ಗೆ ಅಷ್ಟು ವೋಲ್ಟ್ ಕೊಡಬಹುದು ಎಂಬುದು ಅದರ ಅರ್ಥವಲ್ಲ. ಪಿನ್‌ನ ಮಿತಿ ನಿಂತಿರುವುದು ಚಿಪ್‌ಗೆ ಕೊಟ್ಟ ಸಪ್ಲೈ ಮೇಲೆ. ಗ್ರೌಂಡ್‌ಗಿಂತ 0.3 ವೋಲ್ಟ್ ಕೆಳಗೆ, ಸಪ್ಲೈಗಿಂತ 0.3 ವೋಲ್ಟ್ ಮೇಲೆ: ಇದು ಚಿಪ್ ಕೆಡದಿರುವ ಕಟ್ಟಕಡೆಯ ಗೆರೆ. ಅಳತೆ ಸರಿಯಾಗಿ ಬರಬೇಕಾದರೆ ಸೊನ್ನೆಯಿಂದ ಸಪ್ಲೈವರೆಗೆ ಮಾತ್ರ. ± ಗುರುತು ಎರಡು ಪಿನ್‌ಗಳ ನಡುವಿನ ವ್ಯತ್ಯಾಸಕ್ಕೆ ಸೇರಿದ್ದು, ಯಾವ ಪಿನ್ನೂ ಮೈನಸ್‌ಗೆ ಇಳಿಯಬಾರದು.

ಸೋಲಾರ್ ಬ್ಯಾಟರಿಯನ್ನು ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಜೊತೆ ಅಳೆಯುವಾಗ ನಾನು ಚಿಪ್‌ಗೆ 3.3 ವೋಲ್ಟನ್ನೇ ಕೊಡುತ್ತೇನೆ. 5 ವೋಲ್ಟ್ ಕೊಟ್ಟರೆ ಮಾಡ್ಯೂಲ್ ಮೇಲಿನ ಪುಲ್-ಅಪ್ ರೆಸಿಸ್ಟರ್‌ಗಳು (ಡೇಟಾ ಲೈನ್‌ಗಳನ್ನು ಸಪ್ಲೈಗೆ ಜೋಡಿಸುವವು) ಪೈನ ಪಿನ್‌ಗಳನ್ನು 3.3ರಿಂದ ಮೇಲಕ್ಕೆ ಎಳೆಯುತ್ತವೆ.

ಲೆಕ್ಕವನ್ನು 12ಕ್ಕೆ ಹಾಕಬಾರದು. ಚಾರ್ಜ್ ಆಗುವಾಗ 14.4 ವೋಲ್ಟ್ ಇರುತ್ತದೆ. ಬ್ಯಾಟರಿಯ ವೈರ್ ಕಳಚಿದರೆ ಸರಳ ಚಾರ್ಜ್ ಕಂಟ್ರೋಲರ್‌ಗಳಲ್ಲಿ ಪ್ಯಾನೆಲ್‌ನ 22 ವೋಲ್ಟ್ ನೇರ ಹೊರಬರಬಹುದು. ಅದಕ್ಕೇ ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್‌ಗಳ ಡಿವೈಡರ್ ಹಾಕುತ್ತೇನೆ: ಮೇಲೆ (ಬ್ಯಾಟರಿಯ ಪ್ಲಸ್‌ನಿಂದ ಪಿನ್‌ಗೆ) 100 ಕಿಲೋಓಮ್, ಕೆಳಗೆ (ಪಿನ್‌ನಿಂದ ಗ್ರೌಂಡ್‌ಗೆ) 15 ಕಿಲೋಓಮ್, ಎರಡೂ 1% ಮೆಟಲ್ ಫಿಲ್ಮ್. ವೋಲ್ಟೇಜ್ 7.67 ಪಟ್ಟು ಇಳಿಯುತ್ತದೆ: 14.4ಕ್ಕೆ 1.88, 22ಕ್ಕೆ 2.87. ಪಿನ್ 3.3 ಮುಟ್ಟಬೇಕಾದರೆ 25 ವೋಲ್ಟ್ ಬರಬೇಕು.

ಮೇಲಿನ ರೆಸಿಸ್ಟರ್ ದೊಡ್ಡದಿರುವುದೇ ನಿಜವಾದ ರಕ್ಷಣೆ. 15 ಕಿಲೋಓಮ್‌ನ ಬೆಸುಗೆ ಬಿಟ್ಟರೆ ಇಡೀ ಬ್ಯಾಟರಿ ವೋಲ್ಟೇಜ್ ಪಿನ್‌ನತ್ತ ನುಗ್ಗುತ್ತದೆ, ಆದರೆ 100 ಕಿಲೋಓಮ್ ಮೂಲಕ ಹರಿಯುವುದು ಸುಮಾರು 0.1 ಮಿಲಿಆಂಪ್. ಹೆಚ್ಚಾದ ವೋಲ್ಟೇಜನ್ನು ಸಪ್ಲೈನತ್ತ ತಿರುಗಿಸುವ, ಚಿಪ್‌ನೊಳಗಿನ ಡಯೋಡ್‌ಗಳ ಮಿತಿ 10 ಮಿಲಿಆಂಪ್. 1 ಕಿಲೋಓಮ್ ಮಟ್ಟದ ಡಿವೈಡರ್‌ನಲ್ಲಿ ಇದೇ ತಪ್ಪು ಚಿಪ್ಪನ್ನು ಸುಡಬಲ್ಲದು. 100 ಕಿಲೋಓಮನ್ನು ಬ್ಯಾಟರಿ ಟರ್ಮಿನಲ್ ಪಕ್ಕದಲ್ಲೇ ಬೆಸೆಯಿರಿ. ಆಗ ಉದ್ದನೆಯ ವೈರ್ ಎಲ್ಲಿ ಶಾರ್ಟ್ ಆದರೂ ಬಿಸಿಯಾಗುವುದಿಲ್ಲ.

ದೊಡ್ಡ ರೆಸಿಸ್ಟರ್‌ಗೆ ಒಂದು ಬೆಲೆ ಇದೆ. ಇಲ್ಲಿ ಬಳಸುವ ±4.096 ವೋಲ್ಟ್ ರೇಂಜ್‌ನಲ್ಲಿ ಪಿನ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 6 ಮೆಗಾಓಮ್, ಹಾಗಾಗಿ ಓದಿಕೆ 0.2% ಕಡಿಮೆ ಬರುತ್ತದೆ. ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಅಳೆದು, ಪ್ರೋಗ್ರಾಂನ 7.67ರ ಜಾಗದಲ್ಲಿ ಹೊಂದುವ ಸಂಖ್ಯೆ ಹಾಕಿದರೆ (ಸುಮಾರು 7.68) ರೆಸಿಸ್ಟರ್‌ಗಳ ವ್ಯತ್ಯಾಸವೂ ಸರಿಹೋಗುತ್ತದೆ. ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಓದಿಕೆ ಕುಣಿಯುವುದಿಲ್ಲ.

ಹೆಚ್ಚಿನವರು ಮರೆಯುವುದು ಪೈ ಆಫ್ ಆದ ಹೊತ್ತನ್ನು. ಸಪ್ಲೈ ಸೊನ್ನೆಯಾದರೆ ಪಿನ್‌ನ ಮಿತಿಯೂ 0.3 ವೋಲ್ಟ್‌ಗೆ ಇಳಿಯುತ್ತದೆ, ಬ್ಯಾಟರಿ ಮಾತ್ರ ಜೋಡಿಸಿಯೇ ಇರುತ್ತದೆ. ಇಲ್ಲೂ ಕರೆಂಟ್ 0.1 ಮಿಲಿಆಂಪ್ ಆಸುಪಾಸಿನದು, ಚಿಪ್ ಸುಡುವುದಿಲ್ಲ. ಆದರೆ ಅದು ಡಯೋಡ್ ದಾಟಿ ಸಪ್ಲೈ ಲೈನ್‌ಗೆ ನುಸುಳಿ ಚಿಪ್ಪನ್ನು ಅರೆಜೀವದಲ್ಲಿ ಇಡಬಹುದು. ಮತ್ತೆ ಆನ್ ಮಾಡಿದಾಗ ಪೈ ಅದನ್ನು ಕರೆಯುವ 0x48 ವಿಳಾಸದಲ್ಲಿ ಚಿಪ್ ಉತ್ತರಿಸದಿದ್ದರೆ ಬ್ಯಾಟರಿ ವೈರ್ ತೆಗೆದು, ಮೊದಲು ಪೈ ಆನ್ ಮಾಡಿ, ನಂತರ ಜೋಡಿಸಿ.

ಗ್ರೌಂಡ್ ವೈರನ್ನು ಬ್ಯಾಟರಿಯ ಮೈನಸ್ ಟರ್ಮಿನಲ್‌ನಿಂದಲೇ ಪ್ರತ್ಯೇಕವಾಗಿ ತನ್ನಿ. ಇನ್ವರ್ಟರ್ ಕೇಬಲ್‌ನ 5 ಮಿಲಿಓಮ್‌ನಲ್ಲಿ 50 ಆಂಪ್ ಹರಿದರೆ 0.25 ವೋಲ್ಟ್ ಕಳೆದುಹೋಗುತ್ತದೆ. ಅಳತೆ ಕೆಡಲು ಅಷ್ಟು ಸಾಕು.

ಪಿನ್‌ಗೆ ಜೋಡಿಸುವ ಮುನ್ನ ಎರಡು ರೆಸಿಸ್ಟರ್ ಸೇರುವಲ್ಲಿ ಮಲ್ಟಿಮೀಟರ್ ಇಡಿ: ಬ್ಯಾಟರಿ 12.6 ಇದ್ದರೆ 1.64 ಬರಬೇಕು. ಆಮೇಲೆ ±4.096ರಲ್ಲಿ ಚಿಪ್ ಕೊಡುವ ಸಂಖ್ಯೆಯ ಪ್ರತಿ ಎಣಿಕೆ 125 ಮೈಕ್ರೋವೋಲ್ಟ್, ಅಂದರೆ 3.3 ವೋಲ್ಟ್‌ಗೆ 26400. ಪ್ರೋಗ್ರಾಂನಲ್ಲಿ ಈ ಸಂಖ್ಯೆ ದಾಟಿದ ಕೂಡಲೇ ಎಚ್ಚರಿಕೆ ಬರುವಂತೆ ಮಾಡಿ. ಆಗ ಮೊದಲು ನೋಡಬೇಕಾದದ್ದು 15 ಕಿಲೋಓಮ್‌ನ ಬೆಸುಗೆ.